ಪದಬಂಧದಿಂದ ಪಂದ್ಯದವರೆಗೆ: ಜೂಜು ಯಾವುದು, ಮೋಸ ಯಾವುದು?

ಗಾಂಧಿನಗರದ ಆಸುಪಾಸಿನಲ್ಲಿ ಅದೃಷ್ಟ ಪರೀಕ್ಷೆಗೆ ಅವಕಾಶಗಳ ಕೊರತೆ ಎಂದೂ ಇರಲಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತ ಲಾಟರಿ ಟಿಕೆಟ್‌ಗಳು ತೋರಣದಂತೆ ತೂಗಾಡುತ್ತಿದ್ದ ಕಾಲವೊಂದಿತ್ತು. 2007ರಲ್ಲಿ ರಾಜ್ಯ ಸರ್ಕಾರ ಲಾಟರಿಯನ್ನು ನಿಷೇಧಿಸಿದಾಗ ಆ ಅಂಗಡಿಗಳು ಬಾಗಿಲು ಮುಚ್ಚಿದವು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ, 2023ರಲ್ಲಿ ನಟ ಅಂಬರೀಶ್ ಅವರ ಹೆಸರು ಪಡೆದ ರೇಸ್ ಕೋರ್ಸ್ ರಸ್ತೆಯಲ್ಲಿ, ಕುದುರೆಯ ಮೇಲೆ ಹಣ ಕಟ್ಟುವುದು ಮಾತ್ರ ಅಪರಾಧವಾಗಲಿಲ್ಲ. ಅದೇ ಊರಿನಲ್ಲಿ ಕ್ರಿಕೆಟ್ ಪಂದ್ಯದ ಮೇಲೆ ಬಾಜಿ ಕಟ್ಟಿಸಿಕೊಂಡ ಬುಕ್ಕಿಗಳನ್ನು ಪೊಲೀಸರು ಹಿಡಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು.

ಮೂರೂ ಕಡೆ ಹಣ ಕಟ್ಟುವುದು ಒಂದೇ ರೀತಿ. ಗೆಲ್ಲುವವರು ಕೆಲವರು, ಸೋಲುವವರು ಹಲವರು. ಹಾಗಿದ್ದರೂ ಕಾನೂನು ಒಂದೊಂದನ್ನು ಒಂದೊಂದು ಬಗೆಯಲ್ಲಿ ಕಂಡದ್ದೇಕೆ? ಹಣ ಪಡೆದು ಪಂದ್ಯ ಸೋಲುವ ಆಟಗಾರನನ್ನು ಶಿಕ್ಷಿಸಲು ಅದೇ ಕಾನೂನು ತಡಕಾಡಿದ್ದೇಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬೆಂಗಳೂರಿನಲ್ಲೇ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆಯಿಂದ ಆರಂಭಿಸಬೇಕು.

ರೆಸಿಡೆನ್ಸಿ ರಸ್ತೆಯ ಪದಬಂಧ

ಆ ಪತ್ರಿಕೆಯ ಹೆಸರು ‘ಸ್ಪೋರ್ಟಿಂಗ್ ಸ್ಟಾರ್’. 1948ರಲ್ಲಿ ಆರಂಭವಾದ ಈ ಇಂಗ್ಲಿಷ್ ವಾರಪತ್ರಿಕೆಯ ಮುಖ್ಯ ಆಕರ್ಷಣೆ ಬಹುಮಾನದ ಪದಬಂಧ. ಅದನ್ನು ನಡೆಸುತ್ತಿದ್ದವರು ಆರ್.ಎಂ.ಡಿ. ಚಮಾರಬಾಗವಾಲಾ. ಅವರ ಕಂಪೆನಿಯ ನೋಂದಾಯಿತ ಕಚೇರಿ ಇದ್ದದ್ದು ರೆಸಿಡೆನ್ಸಿ ರಸ್ತೆಯಲ್ಲಿ. ಪ್ರವೇಶ ಶುಲ್ಕ ಕಟ್ಟಿ ಚೌಕ ತುಂಬಿ ಕಳಿಸಿದವರಿಗೆ ದೊಡ್ಡ ಬಹುಮಾನದ ಆಸೆ. ಮುಂಬಯಿ ಪ್ರಾಂತ್ಯದಲ್ಲೂ ಕಂಪೆನಿಯ ಏಜೆಂಟರಿದ್ದರು. ಅಲ್ಲಿಂದಲೂ ಕೂಪನ್ನುಗಳು, ಹಣ ಬೆಂಗಳೂರಿಗೆ ಹರಿದು ಬರುತ್ತಿದ್ದವು.

ಮುಂಬಯಿ ಸರ್ಕಾರ 1948ರಲ್ಲೇ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಮೇಲೆ ತೆರಿಗೆ ಹಾಕುವ ಕಾನೂನು ಮಾಡಿತ್ತು. 1952ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳನ್ನೂ ಅದರ ವ್ಯಾಪ್ತಿಗೆ ಎಳೆಯಿತು. ‘ನಮ್ಮದು ವ್ಯಾಪಾರ, ಅದಕ್ಕೆ ಸಂವಿಧಾನದ ರಕ್ಷಣೆ ಇದೆ’ ಎಂಬುದು ಕಂಪೆನಿಯ ವಾದ. ಮುಂಬಯಿ ಹೈಕೋರ್ಟಿನಲ್ಲಿ ಕಂಪೆನಿ ಗೆದ್ದಿತು. ಆದರೆ 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ತೀರ್ಪನ್ನು ತಳ್ಳಿಹಾಕಿತು.

ಪದಬಂಧ ಬಿಡಿಸಲು ಬುದ್ಧಿ ಬೇಡವೇ? ಬೇಕು. ಆದರೆ ಈ ಸ್ಪರ್ಧೆಯಲ್ಲಿ ಉತ್ತರ ಮೊದಲೇ ನಿಗದಿಯಾಗಿರುತ್ತಿತ್ತು. ಒಂದು ಸುಳಿವಿಗೆ ಎರಡು ಪದಗಳು ಸಮನಾಗಿ ಹೊಂದಿದರೆ ಯಾವುದು ‘ಸರಿ’ ಎಂಬುದು ಭಾಷಾಜ್ಞಾನದಿಂದ ತಿಳಿಯುವಂಥದಲ್ಲ. ನಡೆಸುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಬೇಕು. ಆದ್ದರಿಂದ ಇದು ಜೂಜು ಎಂದು ನ್ಯಾಯಾಲಯ ಹೇಳಿತು. ಋಗ್ವೇದದ ಜೂಜುಕೋರನ ಪ್ರಲಾಪದಿಂದ ಹಿಡಿದು ಮಹಾಭಾರತ, ಮನುವಿನವರೆಗೆ ಎಲ್ಲವನ್ನೂ ನೆನೆದ ತೀರ್ಪು, ಜೂಜು ಎಂಬುದು ವ್ಯಾಪಾರವೇ ಅಲ್ಲ ಎಂದು ಘೋಷಿಸಿತು.

ಅದೇ ದಿನ ಬಂದ ಇನ್ನೊಂದು ತೀರ್ಪು ಕೇಂದ್ರದ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆಗೆ ಸಂಬಂಧಿಸಿದ್ದು. ತಿಂಗಳಿಗೆ ಒಂದು ಸಾವಿರ ರೂಪಾಯಿಗೆ ಮೀರಿದ ಬಹುಮಾನವನ್ನು ತಡೆದ ಈ ಕಾಯ್ದೆ ಅದೃಷ್ಟದ ಸ್ಪರ್ಧೆಗಳಿಗಷ್ಟೇ ಅನ್ವಯ, ಕೌಶಲದ ಸ್ಪರ್ಧೆಗಳಿಗಲ್ಲ ಎಂದು ಕೋರ್ಟ್ ಹೇಳಿತು. ಕೌಶಲವಿದ್ದರೆ ವ್ಯಾಪಾರ, ಅದೃಷ್ಟವಾದರೆ ಜೂಜು ಎಂಬ ಗೆರೆ ಹೀಗೆ ಗಟ್ಟಿಯಾಯಿತು. 1996ರಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ, ಕುದುರೆಯ ತಳಿ, ಸವಾರನ ಪಳಗಿಕೆ, ತರಬೇತಿ ಎಲ್ಲವನ್ನೂ ಅಳೆದು ಹಣ ಕಟ್ಟುವುದು ಕೌಶಲವೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಈ ಗೆರೆಯ ಮೇಲೆಯೇ.

ಆಟಗಾರನೇ ದಾಳವಾದಾಗ

ಈ ಗೆರೆ ಹಣ ಕಟ್ಟುವವನನ್ನು ಕುರಿತದ್ದು. ಆಡುವವನೇ ಮಾರಾಟವಾದರೆ? ಶಕುನಿಯ ದಾಳಗಳ ಕಥೆ ಕೇಳಿ ಬೆಳೆದ ನಾಡಿಗೆ ಇದು ಹೊಸ ಪ್ರಶ್ನೆಯೇನಲ್ಲ. ಧರ್ಮರಾಯ ಜೂಜಾಡಿದ್ದು ತಪ್ಪು. ಆದರೆ ಆ ಸಭೆಯಲ್ಲಿ ನಡೆದದ್ದು ಜೂಜಷ್ಟೇ ಅಲ್ಲ, ಮೋಸ. ಎರಡೂ ಬೇರೆ ಬೇರೆ ತಪ್ಪುಗಳು.

ಕ್ರಿಕೆಟ್‌ನಲ್ಲಿ ಈ ವ್ಯತ್ಯಾಸ ಬೀದಿಗೆ ಬಂದದ್ದು 2000ದ ಏಪ್ರಿಲ್‌ನಲ್ಲಿ. ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬುಕ್ಕಿಯೊಂದಿಗೆ ಮಾತನಾಡಿದ್ದನ್ನು ದೆಹಲಿ ಪೊಲೀಸರು ಬಯಲಿಗೆಳೆದರು. ಅದಕ್ಕೆ ತಿಂಗಳ ಹಿಂದಷ್ಟೇ ಆ ತಂಡ ಬೆಂಗಳೂರಿನಲ್ಲಿ ಟೆಸ್ಟ್ ಆಡಿ ಗೆದ್ದಿತ್ತು. ಆ ಪಂದ್ಯದ ಸಮಯದಲ್ಲಿ ಇಲ್ಲಿನ ಹೋಟೆಲಿನಲ್ಲೇ ನಾಯಕ ತಮಾಷೆಯ ಧಾಟಿಯಲ್ಲಿ ಸಹ ಆಟಗಾರರ ಮುಂದೆ ಇಂಥ ಮಾತೆತ್ತಿದ್ದು ಮುಂದೆ ಕಿಂಗ್ ಆಯೋಗದ ವಿಚಾರಣೆಯಲ್ಲಿ ಹೊರಬಂತು. ಭಾರತದಲ್ಲಿ ಮಹಮ್ಮದ್ ಅಜರುದ್ದೀನ್ ಅವರಿಗೆ ಕ್ರಿಕೆಟ್ ಮಂಡಳಿ ಅದೇ ವರ್ಷ ಆಜೀವ ನಿಷೇಧ ವಿಧಿಸಿತು. 2012ರಲ್ಲಿ ಆಂಧ್ರ ಹೈಕೋರ್ಟ್ ಆ ನಿಷೇಧ ಕಾನೂನುಬಾಹಿರ ಎಂದಿತು.

ಕನ್ನಡಿಗರ ಮನೆಬಾಗಿಲಿಗೆ ಈ ಕಳಂಕ ಬಂದದ್ದು 2019ರಲ್ಲಿ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್, ಜಿಲ್ಲೆಗಳ ಹುಡುಗರಿಗೆ ದೊಡ್ಡ ಕ್ರಿಕೆಟ್‌ನ ಮೆಟ್ಟಿಲಾಗಲಿ ಎಂಬ ಆಸೆಯಿಂದ ರೂಪುಗೊಂಡ ಟೂರ್ನಿ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕನನ್ನು ಬಂಧಿಸಿದರು. ಬಳಿಕ ತರಬೇತುದಾರರು, ಆಟಗಾರರ ಸರದಿ. ನವೆಂಬರ್ 7ರಂದು ರಣಜಿಯಲ್ಲಿ ಕರ್ನಾಟಕಕ್ಕೆ ಆಡಿದ್ದ ವಿಕೆಟ್ ಕೀಪರ್ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ ಬಂಧನಕ್ಕೊಳಗಾದರು. ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರ ನಿಧಾನವಾಗಿ ಆಡಲು 20 ಲಕ್ಷ ರೂಪಾಯಿ ಪಡೆದರೆಂಬುದು ಪೊಲೀಸರ ಆರೋಪ. ಆ ಪಂದ್ಯವನ್ನು ಹುಬ್ಬಳ್ಳಿ ಟೈಗರ್ಸ್ 8 ರನ್‌ಗಳಿಂದ ಗೆದ್ದಿತ್ತು.

ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಯೇ ನಡೆಯಲಿಲ್ಲ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಭಾರತೀಯ ದಂಡ ಸಂಹಿತೆಯ 420ನೇ ಕಲಂ ಪ್ರಕಾರ ವಂಚನೆ ಎನ್ನಬೇಕಾದರೆ, ಮೋಸದ ಮಾತಿಗೆ ಮರುಳಾಗಿ ಒಬ್ಬ ತನ್ನ ಹಣವನ್ನೋ ಆಸ್ತಿಯನ್ನೋ ಒಪ್ಪಿಸಿರಬೇಕು. ಪ್ರೇಕ್ಷಕ ಟಿಕೆಟ್ ಕೊಂಡದ್ದು ತನ್ನಿಚ್ಛೆಯಿಂದ. ಆತನಿಗೆ ಮೋಸ ಹೋದೆನೆಂಬ ಭಾವನೆ ಬರಬಹುದು, ಆದರೆ ಅಷ್ಟರಿಂದಲೇ ಅಪರಾಧವಾಗದು ಎಂದು ನ್ಯಾಯಾಲಯ ವಿವರಿಸಿತು. ಇದು ಅಶಿಸ್ತು, ಅಪ್ರಾಮಾಣಿಕತೆ ಎನ್ನಬಹುದು. ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ. ಬಾಜಿಯ ವಿಚಾರಕ್ಕೆ ಬಂದರೆ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯೇ ‘ಅದೃಷ್ಟದ ಆಟ’ದ ವ್ಯಾಖ್ಯೆಯಿಂದ ಕ್ರೀಡೆಗಳನ್ನು ಹೊರಗಿಟ್ಟಿತ್ತು. 1957ರ ಗೆರೆ ಅರವತ್ತೈದು ವರ್ಷಗಳ ನಂತರ ಹೀಗೆ ಇನ್ನೊಂದು ರೂಪದಲ್ಲಿ ಎದುರಾಯಿತು.

ತೀರ್ಪನ್ನು ದೂರುವಂತಿಲ್ಲ. ಇಲ್ಲದ ಕಾನೂನನ್ನು ನ್ಯಾಯಾಲಯ ಸೃಷ್ಟಿಸಲಾಗದು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಪಂದ್ಯ ಮಾರಾಟವನ್ನು ಪ್ರತ್ಯೇಕ ಅಪರಾಧವಾಗಿಸಬೇಕೆಂದು ಲೋಧಾ ಸಮಿತಿ 2016ರಲ್ಲೂ ಕಾನೂನು ಆಯೋಗ 2018ರಲ್ಲೂ ಹೇಳಿದ್ದವು. ಇಂಗ್ಲೆಂಡಿನಲ್ಲಿ ಜೂಜಿನಲ್ಲಿ ಮೋಸ ಮಾಡುವುದು 2005ರ ಕಾಯ್ದೆಯಡಿ ಅಪರಾಧ. ಲಾರ್ಡ್ಸ್ ಟೆಸ್ಟ್‌ನಲ್ಲಿ ಬೇಕೆಂದೇ ನೋಬಾಲ್ ಹಾಕಿದ ಪ್ರಕರಣದಲ್ಲಿ ಪಾಕಿಸ್ತಾನದ ಮೂವರು ಆಟಗಾರರು 2011ರಲ್ಲಿ ಅಲ್ಲಿ ಜೈಲು ಸೇರಿದರು. ಶ್ರೀಲಂಕಾ ಇಂಥದೇ ಕಾನೂನು ತಂದದ್ದು 2019ರ ನವೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಈ ಬಂಧನಗಳು ನಡೆಯುತ್ತಿದ್ದ ತಿಂಗಳಲ್ಲೇ.

ಅಂಗಿಯ ಮೇಲಿನ ಜಾಹೀರಾತು

ಆಟಗಾರರಿಗೆ ಬುಕ್ಕಿಗಳಿಂದ ದೂರವಿರಿ ಎಂದು ಬೋಧಿಸುತ್ತಿದ್ದ ಕ್ರಿಕೆಟ್, ಇನ್ನೊಂದು ಕೈಯಲ್ಲಿ ಹಣದ ಆಟಗಳ ಜಾಹೀರಾತನ್ನು ಅಪ್ಪಿಕೊಂಡಿತ್ತು. 2020ರ ಐಪಿಎಲ್‌ಗೆ 222 ಕೋಟಿ ರೂಪಾಯಿ ಕೊಟ್ಟು ಹೆಸರು ಹಾಕಿಸಿಕೊಂಡದ್ದು ಡ್ರೀಮ್11. ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ ಹಣ ಹೂಡುವ ಆಟ ಅದು. 2023ರಲ್ಲಿ ಆ ಹೆಸರು ಭಾರತ ತಂಡದ ಅಂಗಿಯ ಮೇಲೂ ಬಂತು. ಹಣ ಕಳೆದುಕೊಳ್ಳುವ ಅಪಾಯವಿದೆ, ಚಟವಾಗಬಹುದು ಎಂಬ ಎಚ್ಚರಿಕೆ ಇಂಥ ಜಾಹೀರಾತುಗಳಲ್ಲಿ ಕಡ್ಡಾಯವಾಗಿತ್ತು ನಿಜ. ಮೆಚ್ಚಿನ ಆಟಗಾರ ನಗುತ್ತ ಕರೆಯುವಾಗ ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರು ಎಷ್ಟು ಮಂದಿ?

2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಲಾಟರಿ ಮತ್ತು ಕುದುರೆ ರೇಸನ್ನು ಮಾತ್ರ ಹೊರಗಿಟ್ಟಿತು. ಕಂಪೆನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರುವರಿ 14ರಂದು ಹೊರಬಿದ್ದ ತೀರ್ಪು, ಕೌಶಲದ ಆಟ ನಡೆಸುವುದು ವ್ಯಾಪಾರದ ಹಕ್ಕು ಎಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದಕ್ಕೆ ಆಧಾರವಾದ ತೀರ್ಪುಗಳಲ್ಲಿ ಮುಖ್ಯವಾದದ್ದು ಅದೇ ಚಮಾರಬಾಗವಾಲಾ ಪ್ರಕರಣ! ಪದಬಂಧದ ಕಂಪೆನಿಯನ್ನು ಸೋಲಿಸಿದ ಗೆರೆಯೇ ಆನ್‌ಲೈನ್ ಕಂಪೆನಿಗಳನ್ನು ಕಾಪಾಡಿತು.

ಕೊನೆಗೆ ಆ ಗೆರೆಯನ್ನು ಅಳಿಸಿದ್ದು ಸಂಸತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಹೂಡುವ ಆನ್‌ಲೈನ್ ಆಟಗಳೆಲ್ಲವೂ ನಿಷಿದ್ಧ ಎಂದಿತು. ಅವುಗಳ ಜಾಹೀರಾತಿಗೂ ಎರಡು ವರ್ಷಗಳವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಭಾರತ ತಂಡದ ಅಂಗಿಯಿಂದ ಡ್ರೀಮ್11 ಹೆಸರು ಮರೆಯಾಯಿತು. ಕಾಯ್ದೆಯ ವಿರುದ್ಧ ಮೊದಲ ದಿನಗಳಲ್ಲೇ ಅರ್ಜಿ ಬಂದದ್ದು ಕರ್ನಾಟಕ ಹೈಕೋರ್ಟಿಗೆ ಎಂಬುದೂ ಗಮನಿಸತಕ್ಕ ಸಂಗತಿ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಈ ಕಾಯ್ದೆ ಹಣ ಕಟ್ಟಿಸಿಕೊಳ್ಳುವವನನ್ನೂ ಅದನ್ನು ಪ್ರಚಾರ ಮಾಡುವವನನ್ನೂ ಹಿಡಿಯುತ್ತದೆ. ಪಂದ್ಯವನ್ನೇ ಮಾರುವವನ ಬಗ್ಗೆ ಮಾತನಾಡುವುದಿಲ್ಲ. ಕೆಪಿಎಲ್ ಹಗರಣದ ನಂತರ ನಿಂತುಹೋಗಿ, 2022ರಲ್ಲಿ ರಾಜ್ಯದ ಟೂರ್ನಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಮರಳಿತು. ಹೆಸರು ಬದಲಾಯಿಸುವುದು ಸುಲಭ. ಕೊನೆಯ ಓವರಿನಲ್ಲಿ ಬ್ಯಾಟ್ಸ್‌ಮನ್ ಒಂದು ಚೆಂಡನ್ನು ಬಿಟ್ಟಾಗ ಗ್ಯಾಲರಿಯಲ್ಲಿ ಕುಳಿತ ಹುಡುಗ ‘ಛೆ, ತಪ್ಪಿತು’ ಎನ್ನುತ್ತಾನೋ, ‘ಎಷ್ಟು ತಗೊಂಡಿದಾನೋ’ ಎನ್ನುತ್ತಾನೋ ಎಂಬುದರ ಮೇಲೆ ಆಟದ ಆಯುಸ್ಸು ನಿಂತಿದೆ. ಹೈಕೋರ್ಟ್ ಗುರುತಿಸಿದ ಆ ‘ಮೋಸ ಹೋದ ಭಾವನೆ’ಗೆ ಕಾನೂನಿನಲ್ಲಿ ಒಂದು ಹೆಸರು ಕೊಡುವ ಕೆಲಸ ಬಾಕಿ ಇದೆ.