ಸುರಂಗ ಕಡೆದ ವ್ಯಾಗನ್

ಅಮೆರಿಕದಲ್ಲಿ ಕಂಟೈನರ್ ರೈಲುಗಳನ್ನು ಗುರುತಿಸುವ ಹವ್ಯಾಸಿಗಳು ವ್ಯಾಗನ್ ಪಕ್ಕದ ಅಕ್ಷರಗಳನ್ನು ಮೊದಲು ಓದುತ್ತಾರೆ. ‘ಡಿಟಿಟಿಎಕ್ಸ್’ ಎಂದಿದ್ದರೆ ಅದು ಟಿಟಿಎಕ್ಸ್ ಕಂಪನಿಯದು, ಕಂಟೈನರುಗಳನ್ನು ಒಂದರ ಮೇಲೊಂದು ಹೊರುವಂಥದು. ಆದರೆ ಆ ಆಕಾರ ಏಕೆ ಬಂತೆಂಬುದನ್ನು ಅಕ್ಷರ ಹೇಳುವುದಿಲ್ಲ. ಅದಕ್ಕೆ ಕಂಟೈನರಿನ ತಳ ಹಳಿಯಿಂದ ಎಷ್ಟು ಮೇಲಿದೆ ಎಂದು ನೋಡಬೇಕು. 1950ರ ದಶಕದಲ್ಲಿ ಪೆನ್ಸಿಲ್ವೇನಿಯ ರೈಲ್ವೆಯಂಥವು ಲಾರಿ ಟ್ರೇಲರುಗಳನ್ನು ಚಕ್ರಸಮೇತ ಚಪ್ಪಟೆ ವ್ಯಾಗನ್ ಮೇಲೇರಿಸಿದವು. ಟ್ರೇಲರಿನ ಚಕ್ರಗಳಷ್ಟು ಎತ್ತರ ಸರಕಿಗೆ ದಕ್ಕಲಿಲ್ಲ. ಮುಂದೆ ಬಂದ, ನಡುವೆ ಒಂದೇ ತೊಲೆಯಿರುವ ‘ಸ್ಪೈನ್’ ವ್ಯಾಗನ್ ತೂಕ ಉಳಿಸಿತೇ ಹೊರತು ಎತ್ತರವನ್ನಲ್ಲ. 1977ರಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆ ಪ್ರಯೋಗಕ್ಕಿಳಿಸಿದ ‘ವೆಲ್’ ವ್ಯಾಗನ್, ಕಂಟೈನರನ್ನು ಎರಡು ತುದಿಯ ಚಕ್ರಗಳ ನಡುವಿನ ತಗ್ಗಿನಲ್ಲಿ, ಹಳಿಯಿಂದ ಅಡಿಯಷ್ಟೇ ಮೇಲೆ ಕೂರಿಸಿತು. ಹಾಗಾಗಿ ಎರಡು ಕಂಟೈನರು ಸೇರಿದರೂ ಎತ್ತರ ಸುಮಾರು 20 ಅಡಿಗೆ ನಿಂತಿತು.

ಎರಡಂತಸ್ತಿನ ರೈಲುಗಳನ್ನು ಬೆಳೆಸಿದ್ದು ಎಂಜಿನಿಯರಿಂಗ್ ಅಲ್ಲ, ವ್ಯಾಪಾರ ಎಂದು ವಾದಿಸಬಹುದು. 1980ರ ಸ್ಟ್ಯಾಗರ್ಸ್ ಕಾಯ್ದೆ ರೈಲು ಸಾಗಣೆ ದರದ ಕಟ್ಟುಗಳನ್ನು ಸಡಿಲಿಸಿತು. 1984ರಲ್ಲಿ ಅಮೆರಿಕನ್ ಪ್ರೆಸಿಡೆಂಟ್ ಲೈನ್ಸ್ ಎಂಬ ಹಡಗು ಕಂಪನಿ ಲಾಸ್ ಏಂಜಲೀಸ್‌ನಿಂದ ಷಿಕಾಗೋಗೆ ಇಂಥ ರೈಲನ್ನು ಓಡಿಸಿತು. ವಾದದಲ್ಲಿ ಹುರುಳಿದೆ. ಆದರೆ ಕಾಯ್ದೆ ಒಪ್ಪಿದಲ್ಲೆಲ್ಲ ಸುರಂಗ ಒಪ್ಪಲಿಲ್ಲ. ಅಪಲೇಷಿಯನ್ ಬೆಟ್ಟಗಳಲ್ಲಿ 28 ಸುರಂಗಗಳನ್ನು ಎತ್ತರಿಸಿ 2010ರಲ್ಲಿ ಕೆಲಸ ಮುಗಿಸಿದ ಮೇಲಷ್ಟೇ ನಾರ್‌ಫೋಕ್ ಸದರ್ನ್ ರೈಲ್ವೆಯ ಎರಡಂತಸ್ತಿನ ರೈಲುಗಳು ಆ ದಾರಿ ಹಿಡಿದವು. ರೈಲು ಓಡಬೇಕೇ ಎಂಬುದನ್ನು ವ್ಯಾಪಾರ ತೀರ್ಮಾನಿಸಿತು. ಯಾವ ಆಕಾರದಲ್ಲಿ ಎಂಬುದನ್ನು ಎತ್ತರ.

ಇದಕ್ಕೆ ಭಾರತವೂ ಸಾಕ್ಷಿ. ಪಶ್ಚಿಮ ಸರಕು ಕಾರಿಡಾರ್‌ನಲ್ಲಿ ವಿದ್ಯುತ್ ತಂತಿಯನ್ನೇ ಸುಮಾರು 7.5 ಮೀಟರ್ ಎತ್ತರಕ್ಕೆ ಕಟ್ಟಿರುವುದರಿಂದ ಅಲ್ಲಿ ತಗ್ಗಿನ ವ್ಯಾಗನ್ ಬೇಕಾಗಿಲ್ಲ. ಚಪ್ಪಟೆ ವ್ಯಾಗನ್ ಮೇಲೆಯೇ ಎರಡು ಕಂಟೈನರು ಕೂರುತ್ತವೆ. 2021ರ ಜನವರಿಯಲ್ಲಿ ರೇವಾಡಿ–ಮದಾರ್ ನಡುವೆ ವಿದ್ಯುತ್ ಎಂಜಿನ್ ಅಂಥ ರೈಲನ್ನು ಎಳೆಯಿತು. ಇತ್ತ 1999ರಿಂದ ಲಾರಿಗಳನ್ನೇ ಹೊರುತ್ತಿರುವ, ನಮ್ಮ ಸುರತ್ಕಲ್ ತನಕ ಚಾಚಿರುವ ಕೊಂಕಣ ರೈಲ್ವೆಯ ರೋ-ರೋ ಸೇವೆಯಲ್ಲಿ ಸರಕು ತುಂಬಿದ ಲಾರಿಯ ಎತ್ತರಕ್ಕೆ ಮಿತಿಯಿದೆ. ವ್ಯಾಗನ್ ಗುರುತಿಸಹೊರಟವರು ಅದರ ಮೇಲಿನ ಅಕ್ಷರದ ಜೊತೆಗೆ ಅದು ಓಡುವ ದಾರಿಯನ್ನೂ ಓದಬೇಕು. ಆಗಲೇ ಆ ಗುರುತು ಪೂರ್ಣ.