ಸಹಿ ಹಾಕದವರ ಶಾಂತಿ: ಶ್ರೀಲಂಕಾದಲ್ಲಿ ಭಾರತೀಯ ಪಡೆ, 1987–90

ಅಂತರ್ಯುದ್ಧಕ್ಕೆ ಸಿಲುಕಿದ ದೇಶಕ್ಕೆ ನೆರೆಯ ದೇಶವೇ ಶಾಂತಿಪಾಲನಾ ಪಡೆ ಕಳಿಸಿದರೆ ಜಗಳ ಬಗೆಹರಿಯುತ್ತದೆಯೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಲ್ಲೇ ಭಾರತದ ಪಡೆ ಆ ದೇಶದ ಉತ್ತರದಲ್ಲಿರುವ ಜಾಫ್ನಾಕ್ಕೆ ಹೋಯಿತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಜವಾನರೂ ಅದರಲ್ಲಿದ್ದರು.

ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಅದಕ್ಕೆ ಸಹಿ ಹಾಕಿರಲಿಲ್ಲ. ಕದನ ನಿಂತ 72 ಗಂಟೆಯೊಳಗೆ ಉಗ್ರರು ಶಸ್ತ್ರ ಒಪ್ಪಿಸಬೇಕೆಂದು ಎರಡು ಸರ್ಕಾರಗಳು ತಮ್ಮಷ್ಟಕ್ಕೆ ಬರೆದುಕೊಂಡವು. ಅಕ್ಟೋಬರ್ ಮೊದಲ ವಾರದಲ್ಲಿ ಶ್ರೀಲಂಕಾ ನೌಕಾಪಡೆ ಎಲ್‌ಟಿಟಿಇ ನಾಯಕರಾದ ಪುಲೇಂದ್ರನ್, ಕುಮಾರಪ್ಪ ಸೇರಿ 17 ಜನರನ್ನು ಹಿಡಿದು ಪಲಾಲಿ ವಿಮಾನನೆಲೆಯಲ್ಲಿ ಇಟ್ಟಿತು. ಅವರನ್ನು ಕೊಲಂಬೊಕ್ಕೆ ಒಯ್ಯಬೇಕೆಂದು ಜಯವರ್ಧನೆ ಸರ್ಕಾರ ಹಟ ಹಿಡಿಯಿತು. ಅದೇ ನೆಲೆಯಲ್ಲಿದ್ದ ಭಾರತೀಯ ಪಡೆಗೆ ತಡೆಯುವ ಅಧಿಕಾರವಿರಲಿಲ್ಲ. 5ರಂದು ಅವರು ಸೈನೈಡ್ ನುಂಗಿದರು. 12 ಮಂದಿ ಸತ್ತರು. ವಾರ ತುಂಬುವುದರೊಳಗೆ ಎಲ್‌ಟಿಟಿಇ ವಿರುದ್ಧ ಭಾರತೀಯ ಪಡೆಯ ‘ಆಪರೇಷನ್ ಪವನ್’ ಶುರುವಾಯಿತು. ಕಾವಲಿಗೆ ಹೋದವರು ಕದನದ ಕಕ್ಷಿಯೇ ಆದರು. ಅದೇ ತಿಂಗಳು 21ರಂದು ಜಾಫ್ನಾ ಆಸ್ಪತ್ರೆಯೊಳಗೆ ಭಾರತೀಯ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು ಸತ್ತ ಮೇಲೆ ತಮಿಳರ ವಿಶ್ವಾಸ ಮರಳಿ ಸಿಗಲಿಲ್ಲ. ಭಾರತದಲ್ಲಿ ಬರೆಯುವ ನಾವು ಇದನ್ನು ಮರೆಮಾಚಬಾರದು.

1989ರಲ್ಲಿ ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ ಭಾರತೀಯ ಪಡೆಗೆ ಹೊರಡಿ ಎಂದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ವಾಪಸಾಗುವ ಹೊತ್ತಿಗೆ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಪ್ರಾಣ ತೆತ್ತಿದ್ದರು. ಜೂನ್‌ನಲ್ಲೇ ಶ್ರೀಲಂಕಾ ಸರ್ಕಾರ, ಎಲ್‌ಟಿಟಿಇ ನಡುವೆ ಯುದ್ಧ ಮತ್ತೆ ಹೊತ್ತಿತು, 2009ರ ಮೇ ತನಕ ಉರಿಯಿತು. ಒಪ್ಪಂದದ ಫಲವಾಗಿ ಬಂದ 13ನೇ ತಿದ್ದುಪಡಿ, ಪ್ರಾಂತೀಯ ಮಂಡಳಿಗಳು ಶ್ರೀಲಂಕಾದ ಸಂವಿಧಾನದಲ್ಲಿ ಉಳಿದಿವೆ. ಅಷ್ಟು ಲಾಭವನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ದೂರದ, ನಿಷ್ಪಕ್ಷ ಪಡೆ ವಾಸಿಯೇ? ಕೊಡಗಿನ ಜನರಲ್ ತಿಮ್ಮಯ್ಯ 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸಿದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಅಲ್ಲಿ ಜಗಳವಾಡುತ್ತಿದ್ದ ಗ್ರೀಕರು, ತುರ್ಕರು ಇಬ್ಬರೂ ಅವರನ್ನು ಗೌರವಿಸಿದರು. ಆದರೂ 1974ರಲ್ಲಿ ದ್ವೀಪ ಒಡೆಯಿತು. ವಿಶ್ವಸಂಸ್ಥೆಯ ಪಡೆ ಇಂದಿಗೂ ಅಲ್ಲಿದೆ. ಪಡೆ ಮಾತುಕತೆಗೆ ಸಮಯ ಒದಗಿಸಬಲ್ಲದು, ರಾಜಿಯನ್ನು ತಂದುಕೊಡಲಾರದು. ನೆರೆಯ ದೊಡ್ಡ ದೇಶದ ಪಡೆಯಾದರೆ ಆ ಸಮಯವೂ ಬೇಗ ಮುಗಿಯುತ್ತದೆ, ಏಕೆಂದರೆ ಅದಕ್ಕೆ ತನ್ನದೇ ಹಿತವಿರುತ್ತದೆ.

ಲಂಕೆಯ ಈ ಕಾರ್ಯಾಚರಣೆ ಕುರಿತ ಅಧ್ಯಯನದಲ್ಲಿ ಜವಾನರ ಮಾತು ತೀರಾ ಕಡಿಮೆ. ಸಿಗುವುದು ಹೆಚ್ಚಾಗಿ ರಾಯಭಾರಿ, ಸೇನಾಧಿಕಾರಿಗಳ ಬರಹ. ನಮ್ಮ ಸುತ್ತಲಿನ ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಆಗ ಲಂಕೆಗೆ ಹೋಗಿಬಂದ ಮಾಜಿ ಸೈನಿಕರಿದ್ದರೆ, ನಮ್ಮ ಇತಿಹಾಸ ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ, ಅವರು ಕಂಡದ್ದನ್ನು ಈಗಲೇ ದಾಖಲಿಸಿಕೊಳ್ಳಬೇಕು.