ಶಿರಂಗಾಲಕ್ಕೆ ಎಂಟು ಅಕ್ಷರ ಸಾಲಲ್ಲ

ಕೊಡಗಿನ ಗಡಿಯಲ್ಲಿ, ಕಾವೇರಿ ದಂಡೆ ಮೇಲೆ ಶಿರಂಗಾಲ ಅಂತ ಒಂದು ಊರಿದೆ. ಕನ್ನಡದಲ್ಲಿ ನಾಲ್ಕೇ ಅಕ್ಷರ. ಅದನ್ನೇ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಹತ್ತಾಗುತ್ತೆ. 1979ರ ಯೂನಿಕ್ಸ್ ಕಂಪ್ಯೂಟರ್‌ಗೆ ಇದನ್ನು ಯೂಸರ್‌ನೇಮ್ ಆಗಿ ಕೊಟ್ಟಿದ್ರೆ ಕೊನೆಯ ಎರಡು ಅಕ್ಷರ ಬಿದ್ದುಹೋಗಿ, ‘ಶಿರಂಗ’ ಅಷ್ಟೇ ಉಳೀತಿತ್ತು.

ಯಾಕಂದ್ರೆ ಆ ವರ್ಷ ಬಂದ ಯೂನಿಕ್ಸ್ ಏಳನೇ ಆವೃತ್ತಿಯಲ್ಲಿ, ಯಾರು ಲಾಗಿನ್ ಆಗಿದ್ದಾರೆ ಅಂತ ಬರೆದಿಡೋ ಫೈಲ್‌ನಲ್ಲಿ ಹೆಸರಿಗೆ ಇದ್ದ ಜಾಗ ಬರೀ 8 ಬೈಟ್. ಹಾಜರಿ ಪುಸ್ತಕದಲ್ಲಿ ಎಂಟೇ ಚೌಕ ಅಂದ್ಕೊಳ್ಳಿ. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅವರ ಯೂಸರ್‌ನೇಮ್ ‘ಕೆನ್’, ಡೆನಿಸ್ ರಿಚಿ ಅವರದ್ದು ‘ಡಿಎಂಆರ್’. ಮೂರು ಮೂರೇ ಅಕ್ಷರ, ಅವರಿಗೇನು ಕಷ್ಟ! ಊರು, ಮನೆತನ, ಅಪ್ಪನ ಹೆಸರು ಎಲ್ಲ ಸೇರಿಸಿ ಬರೆಯೋ ನಮ್ಮ ಕಡೆಯವರು ಅವರ ಲೆಕ್ಕದಲ್ಲೇ ಇರಲಿಲ್ಲ.

1991ರಲ್ಲಿ ಲಿನಕ್ಸ್ ಹುಟ್ಟಿತು. ಮುಂದೆ ಅದರ ಹಾಜರಿ ಪುಸ್ತಕದಲ್ಲಿ ಹೆಸರಿನ ಜಾಗ 32 ಬೈಟ್‌ಗೆ ಹಿಗ್ಗಿತು. ಆದ್ರೆ ಎಲ್ಲ ಟೂಲ್‌ಗಳ ಕೈಗೂ ಒಂದೇ ಅಳತೆಪಟ್ಟಿ ಬರಲಿಲ್ಲ. ಖಾತೆ ತೆರೆಯೋ ‘ಯೂಸರ್‌ಆ್ಯಡ್’ ಬಹುಕಾಲ 32ಕ್ಕೆ ಗೆರೆ ಹಾಕಿತ್ತು. ಲಿನಕ್ಸ್ ಸಿಸ್ಟಂ ತಾನು ಹೇಳೋ ಮಿತಿ 256. ಪಾಸಿಕ್ಸ್ ಮಾನದಂಡ ಕೇಳೋದು ಕನಿಷ್ಠ 9, ಅದರಲ್ಲೂ ಒಂದು ಬೈಟ್ ‘ಹೆಸರು ಮುಗಿಯಿತು’ ಅನ್ನೋ ಗುರುತಿಗೆ. ಅಂದ್ರೆ ಮತ್ತೆ ಅದೇ ಎಂಟು! ಇನ್ನು ಅಡ್ಮಿನ್ ನೇರವಾಗಿ ಪಾಸ್‌ವರ್ಡ್ ಫೈಲ್ ತೆರೆದು ಉದ್ದದ ಹೆಸರು ಬರೆದುಬಿಟ್ರೆ ಅಲ್ಲಿ ತಡೆಯೋರೇ ಇಲ್ಲ.

ಇದರಿಂದ ಏನು ತೊಂದರೆ ಅಂತೀರಾ? ಒಂದು ಕಾಲೇಜಿನ ಸರ್ವರ್‌ನಲ್ಲಿ ‘ಶಿರಂಗಾಲ1’, ‘ಶಿರಂಗಾಲ2’ ಅಂತ ಇಬ್ಬರಿಗೆ ಇಂಗ್ಲಿಷ್ ಅಕ್ಷರದಲ್ಲಿ ಖಾತೆ ಇದೆ ಅಂದ್ಕೊಳ್ಳಿ. ರಾತ್ರಿ ಯಾರೋ ಪ್ರಾಜೆಕ್ಟ್ ಫೈಲ್ ಅಳಿಸಿದ್ದಾರೆ. ಬೆಳಿಗ್ಗೆ ಯಾರು ಬಂದಿದ್ರು ಅಂತ ‘ಲಾಸ್ಟ್’ ಕಮಾಂಡ್ ಕೊಟ್ರೆ ಅದು ಸುಮ್ಮನೆ ಎಂಟು ಅಕ್ಷರ ತೋರಿಸುತ್ತೆ. ಇಬ್ಬರೂ ‘ಶಿರಂಗ’! ದಾಖಲೆಯಲ್ಲಿ ಪೂರ್ತಿ ಹೆಸರಿದೆ, ಪರದೆ ಮೇಲಿಲ್ಲ. ಪಕ್ಕದಲ್ಲಿ ‘ಡಬ್ಲ್ಯು’ ಆಯ್ಕೆ ಸೇರಿಸಬೇಕು ಅಂತ ಗೊತ್ತಿಲ್ಲದವರು ಯಾರನ್ನು ಬೈತಾರೋ ಹೇಳೋಕಾಗಲ್ಲ. ‘ಪಿಎಸ್’ ಕಮಾಂಡ್ ಸ್ವಲ್ಪ ಪ್ರಾಮಾಣಿಕ. ಈಗಿನ ಆವೃತ್ತಿಗಳಲ್ಲಿ ಕತ್ತರಿಸಿದ ಹೆಸರಿನ ಕೊನೆಗೆ ‘+’ ಗುರುತಾದರೂ ಹಾಕುತ್ತೆ.

ಕನ್ನಡ ಲಿಪಿಯಲ್ಲೇ ಹೆಸರು ಕೊಡೋಣ ಅಂದ್ರೆ ‘ಯೂಸರ್‌ಆ್ಯಡ್’ ಸಾಮಾನ್ಯವಾಗಿ ಒಪ್ಪೋದೇ ಇಲ್ಲ. ಒಪ್ಪಿದ್ರೂ ಲೆಕ್ಕ ಬೇರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಗುಡಿಸು, ಸೊನ್ನೆ, ದೀರ್ಘ ಎಲ್ಲ ಸೇರಿ ಶಿರಂಗಾಲದಲ್ಲಿ 7 ಚಿಹ್ನೆ, 21 ಬೈಟ್. 32ರಲ್ಲಿ ಅಪ್ಪನ ಹೆಸರಿಗೆ ಜಾಗ ಎಲ್ಲಿ?

ಅಂದ ಹಾಗೆ, ನೀವು ಆಂಡ್ರಾಯ್ಡ್ ಫೋನಲ್ಲಿ ಕೇಳ್ತಿದ್ರೆ ಈ ಆ್ಯಪ್‌ಗೂ ಒಳಗೆ ಒಂದು ಲಿನಕ್ಸ್ ಯೂಸರ್‌ನೇಮ್ ಇದೆ. ‘ಯು0_ಎ123’ ಥರದ್ದು. ಎಂಟರೊಳಗೇ ಮುಗೀತು.